ವಿಮಾನ ಹಿಂಬಾಲಿಸುವ ಆ್ಯಪ್‌ಗೆ ದುಡ್ಡು ಕೊಟ್ಟೆ, ಕೋಚ್ ಮಾತ್ರ ಬರಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಒಂದು ಸ್ಟಾರ್ ಕಿತ್ತಿದ್ದು ಆ್ಯಪ್‌ನ ತಪ್ಪಿಗೆ, ಇನ್ನೊಂದು ನನ್ನ ಪೆದ್ದುತನಕ್ಕೆ. ಆ್ಯಪ್‌ನ ಹೆಸರು ಹೇಳುವುದಿಲ್ಲ. ಇಂಥವು ನಾಲ್ಕೈದು ಇವೆ, ಎಲ್ಲವೂ ಹೆಚ್ಚು ಕಡಿಮೆ ಒಂದೇ ಕೆಲಸ ಮಾಡುತ್ತವೆ. ಆಕಾಶದಲ್ಲಿರುವ ವಿಮಾನ ಎಲ್ಲಿಂದ ಹೊರಟಿತು, ಈಗ ಎಲ್ಲಿದೆ, ಎಲ್ಲಿ ಇಳಿಯುತ್ತೆ ಅಂತ ಫೋನಿನಲ್ಲಿ ತೋರಿಸುವುದು. ಮಾಮೂಲಿ ಜನ ಇದನ್ನು ನೆಂಟರ ವಿಮಾನ ಲೇಟಾಗಿದೆಯಾ ಅಂತ ನೋಡೋಕೆ ಬಳಸುತ್ತಾರೆ. ನಾನು ತಿಂಗಳಿಗೆ 8 ಡಾಲರ್ ಕೊಟ್ಟಿದ್ದು ನಮ್ಮೂರ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಯಾರು ಅಂತ ಬೇರೆಯವರಿಗಿಂತ ಅರ್ಧ ಗಂಟೆ ಮುಂಚೆ ತಿಳಿದುಕೊಳ್ಳೋಕೆ. ನಗಬೇಡಿ. ಇದಕ್ಕೇ ಅಂತ ಇದನ್ನು ಕೊಂಡವರು ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಫುಟ್‌ಬಾಲ್ ಅಂದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಕಾಲೇಜು ಫುಟ್‌ಬಾಲ್ ಅಂದರೆ ಏನೋ ಹುಡುಗರು ಸಂಜೆ ಆಡುವ ಪಂದ್ಯ ಅಂದುಕೊಳ್ಳಬೇಡಿ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1 ಲಕ್ಷ 7 ಸಾವಿರಕ್ಕೂ ಜಾಸ್ತಿ ಜನ ಕೂರುತ್ತಾರೆ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳದವರಲ್ಲಿ ಎಲ್ಲರಿಗಿಂತ ಜಾಸ್ತಿ ಎಣಿಸುವವರು ಗವರ್ನರ್ ಅಲ್ಲ, ಕಾಲೇಜಿನ ಕೋಚ್. ಹಾಗಾಗಿ ಕೋಚ್ ಕುರ್ಚಿ ಖಾಲಿಯಾದರೆ ಊರಿಗೆ ಊರೇ ನಿದ್ದೆ ಬಿಡುತ್ತದೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ಕಾಲೇಜು ತನ್ನ ಕೋಚ್‌ನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿತು. ನಾನು ನಿದ್ದೆ ಬಿಟ್ಟೆ.

ವಿಮಾನ ಯಾಕೆ ಅಂತೀರಾ? ಕೋಚ್ ಹುಡುಕುವಾಗ ಯಾರೂ ನಿಜ ಹೇಳುವುದಿಲ್ಲ, ಅದಕ್ಕೆ. ನಿಕ್ ಸೇಬನ್ ಅವರ ಕಥೆ ಎಲ್ಲರಿಗೂ ಬಾಯಿಪಾಠ. ಮಯಾಮಿ ಡಾಲ್ಫಿನ್ಸ್ ಅನ್ನೋ ವೃತ್ತಿಪರ ತಂಡದ ಕೋಚ್ ಆಗಿದ್ದಾಗ 2006ರ ಡಿಸೆಂಬರ್ 21ರಂದು ತಾವು ಅಲಬಾಮಾ ವಿಶ್ವವಿದ್ಯಾಲಯದ ಕೋಚ್ ಆಗುವುದಿಲ್ಲ ಅಂತ ಪತ್ರಕರ್ತರ ಮುಂದೆ ಖಡಾಖಂಡಿತವಾಗಿ ಹೇಳಿದರು. ಎರಡು ವಾರವೂ ಆಗಿರಲಿಲ್ಲ, 2007ರ ಜನವರಿ 3ರಂದು ಅಲಬಾಮಾದ ಕ್ರೀಡಾ ನಿರ್ದೇಶಕ, ಅಂದರೆ ಕೋಚ್‌ಗಳನ್ನು ನೇಮಿಸುವ ಅಧಿಕಾರಿ, ಮಾಲ್ ಮೂರ್ ಜೊತೆ ಆ ವಿಶ್ವವಿದ್ಯಾಲಯ ಇರುವ ಟಸ್ಕಲೂಸಾದ ವಿಮಾನ ನಿಲ್ದಾಣದಲ್ಲಿ ಇಳಿದರು. ಬೇಲಿಯಾಚೆ ಜಾತ್ರೆ ಹಾಗೆ ಜನ. ಆಮೇಲೆ ಅಲ್ಲಿ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದು ಬೇರೆ ವಿಷಯ. ಬಾಯಿ ಏನಾದರೂ ಹೇಳಲಿ, ವಿಮಾನ ಸುಳ್ಳು ಹೇಳಲ್ಲ ಅನ್ನೋ ನಂಬಿಕೆ ಇಂಥ ದಿನಗಳಿಂದ ಬಂದಿದ್ದು.

ಈಗ ಆ್ಯಪ್ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ನೋಂದಣಿಯಾದ ಪ್ರತಿ ವಿಮಾನಕ್ಕೂ ಎನ್ ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಬಾಲದ ಹತ್ತಿರ ಬರೆದಿರುತ್ತಾರೆ, ಅದಕ್ಕೇ ಇಲ್ಲಿ ಎಲ್ಲರೂ ಅದನ್ನು ಟೇಲ್ ನಂಬರ್ ಅನ್ನುವುದು. ವಿಮಾನ ತಾನೇ ಸೆಕೆಂಡಿಗೊಮ್ಮೆ ತನ್ನ ಜಾಗ, ಎತ್ತರ, ವೇಗವನ್ನು ರೇಡಿಯೋದಲ್ಲಿ ಕೂಗುತ್ತಾ ಹೋಗುತ್ತದೆ. 2020ರ ಜನವರಿ 1ರಿಂದ ಇಲ್ಲಿನ ಬಹುಪಾಲು ನಿಯಂತ್ರಿತ ವಾಯುಪ್ರದೇಶದಲ್ಲಿ ಇದು ಕಡ್ಡಾಯ. ಮನೆ ಮೇಲೆ ಮೊಳದುದ್ದ ಆಂಟೆನಾ ನೆಟ್ಟುಕೊಂಡ ಹವ್ಯಾಸಿಗಳು ಆ ಕೂಗನ್ನು ಹಿಡಿದು ಆ್ಯಪ್‌ಗೆ ಕಳಿಸುತ್ತಾರೆ. ಅಷ್ಟೇ ಗುಟ್ಟು. ಟೇಲ್ ನಂಬರ್ ಗೊತ್ತಿದ್ದರೆ ಸಾಕು, ಆ ವಿಮಾನ ಗಾಲಿ ಎತ್ತಿದ ಕೂಡಲೇ ನಿಮ್ಮ ಜೇಬು ಗುಂಯ್ ಅನ್ನುತ್ತದೆ. ಕೋಚ್ ಹುಡುಕೋಕೆ ನಮ್ಮ ಕಾಲೇಜಿನವರು ಓಡಾಡುವ, ದಾನಿಯೊಬ್ಬರ ವಿಮಾನದ ನಂಬರ್ ನನಗೆ ಕೊಟ್ಟಿದ್ದು ಆಫೀಸಿನ ಗೆಳೆಯ. ಅವನಿಗೆ ಯಾರು ಕೊಟ್ಟರೋ ಕೇಳಲಿಲ್ಲ.

ಮ್ಯಾಪ್ ಚೆನ್ನಾಗಿದೆ. ಬೇಗ ತೆರೆದುಕೊಳ್ಳುತ್ತೆ, ಹಳದಿ ಬಣ್ಣದ ಪುಟ್ಟ ವಿಮಾನ, ಹಿಂದೆ ಬಾಲದ ಹಾಗೆ ಒಂದು ಗೆರೆ. ಬೆರಳಿಟ್ಟರೆ ಎತ್ತರ, ವೇಗ, ವಿಮಾನದ ಮಾದರಿ ಎಲ್ಲ ಬರುತ್ತೆ. ಹಳೆಯ ಪ್ರಯಾಣಗಳನ್ನೂ ನೋಡಬಹುದು, ಬಿಟ್ಟಿ ಪ್ಲಾನ್‌ನಲ್ಲಿ ಒಂದು ವಾರದ್ದು, ದುಡ್ಡು ಕೊಟ್ಟರೆ ಮೂರು ತಿಂಗಳದ್ದು. ಅಲರ್ಟ್ ಒಮ್ಮೆಯೂ ತಪ್ಪಲಿಲ್ಲ. ಇದಕ್ಕೆಲ್ಲ ಪೂರ್ತಿ ಅಂಕ.

ತೊಂದರೆ ಶುರುವಾಗಿದ್ದು ನವೆಂಬರ್ 30ರ ಭಾನುವಾರ ರಾತ್ರಿ. ಊಟ ಮುಗಿಸಿ ಅಡುಗೆಮನೆ ಕಟ್ಟೆಗೆ ಒರಗಿ ನಿಂತಿದ್ದೆ, ಫೋನ್ ಗುಂಯ್ ಅಂತು. ದಾನಿಯ ವಿಮಾನ ಹೊರಟಿದೆ. ಹೊರಟ ಸಮಯ 02:10 ಅಂತ ತೋರಿಸುತ್ತಿದೆ. ಅರೆ, ಇನ್ನೂ ರಾತ್ರಿ ಎಂಟೂಕಾಲು, ನಸುಕಿನ ಎರಡು ಗಂಟೆ ಎಲ್ಲಿಂದ ಬಂತು? ಬಹುಶಃ ಹಿಂದಿನ ರಾತ್ರಿಯೇ ಕದ್ದು ಹೋಗಿ ಬಂದಿದ್ದಾರೆ, ಅಲರ್ಟ್ ಈಗ ಬಂದಿದೆ ಅಂತ ನಾನೇ ತೀರ್ಮಾನ ಮಾಡಿ, ಗೆಳೆಯರ ಗುಂಪಿಗೆ ಮೆಸೇಜ್ ಹಾಕಿ, ಅವರು ಅದನ್ನು ಇನ್ನೊಂದು ಗುಂಪಿಗೆ ಹಾಕಿ, ಹತ್ತು ನಿಮಿಷದಲ್ಲಿ ಕೆಲಸ ಮುಗಿದಿದೆ, ಸಹಿ ಕೂಡ ಆಗಿದೆ ಅನ್ನೋವರೆಗೆ ಸುದ್ದಿ ಬೆಳೆಯಿತು. ಆಮೇಲೆ ನೋಡಿದರೆ ಆ್ಯಪ್ ತೋರಿಸುತ್ತಿದ್ದಿದ್ದು ಗ್ರೀನಿಚ್ ಸಮಯ. ನಮ್ಮ ಗಡಿಯಾರಕ್ಕೆ ಆರು ಗಂಟೆ ಕಳೆಯಬೇಕು. ರಾತ್ರಿ 8:10. ಅಂದರೆ ವಿಮಾನ ಆಗತಾನೇ ಹೊರಟಿತ್ತು. ಸ್ಥಳೀಯ ಸಮಯಕ್ಕೆ ಬದಲಾಯಿಸುವ ಆಯ್ಕೆ ಇದೆ, ಆದರೆ ಸೆಟ್ಟಿಂಗ್ಸ್ ಒಳಗೆ ಮೂರನೇ ಪುಟದಲ್ಲಿ ಅಡಗಿ ಕೂತಿದೆ. ಒಂದು ಸ್ಟಾರ್ ಹೋಗಿದ್ದು ಇದಕ್ಕೆ.

ಆ ರಾತ್ರಿ ಹಳದಿ ಗೆರೆ ಪಕ್ಕದ ರಾಜ್ಯದ ಒಂದು ಕಾಲೇಜೂರಿನ ಕಡೆ ನೇರವಾಗಿ ಹೋಯಿತು. ಎದೆ ಡವಡವ. ಊರಿಗೆ ಹನ್ನೆರಡು ಮೈಲಿ ಇದೆ ಅನ್ನುವಾಗ ವಿಮಾನ ಮಾಯ! ಸಣ್ಣ ನಿಲ್ದಾಣಗಳ ಹತ್ತಿರ ಹೀಗಾಗುತ್ತೆ ಅಂತ ಆಮೇಲೆ ಗೊತ್ತಾಯಿತು. ವಿಮಾನದ ಎತ್ತರ ಕಡಿಮೆಯಾದ ಮೇಲೆ ಸಿಗ್ನಲ್ ಹಿಡಿಯೋಕೆ ಸುತ್ತಮುತ್ತ ಯಾರ ಮನೆ ಮೇಲೂ ಆಂಟೆನಾ ಇರುವುದಿಲ್ಲ. ಎರಡು ಗಂಟೆ ನಾನು ಆ ಖಾಲಿ ಜಾಗವನ್ನೇ ನೋಡುತ್ತಾ ಕೂತೆ. ಚಾರ್ಜರ್ ಹಾಕಿಕೊಂಡೇ ಕೂರಬೇಕು, ಬ್ಯಾಟರಿ ಕುಡಿಯುತ್ತೆ ಇದು. ಹನ್ನೊಂದರ ಹೊತ್ತಿಗೆ ವಿಮಾನ ಮತ್ತೆ ಕಾಣಿಸಿಕೊಂಡಿತು, ವಾಪಸ್ ನಮ್ಮೂರ ಕಡೆ. ಆ ಕಾಲೇಜಿನ ಕೋಚ್ ಒಳಗಿದ್ದಾನೆ ಅಂತ ಎಲ್ಲರೂ ಒಪ್ಪಿಕೊಂಡೆವು. ಇಬ್ಬರು ಏರ್‌ಪೋರ್ಟ್‌ಗೂ ಹೋದರು, ಆ ಚಳಿಯಲ್ಲಿ.

ಒಳಗೆ ಇದ್ದದ್ದು ನಮ್ಮ ಕ್ರೀಡಾ ನಿರ್ದೇಶಕ ಮತ್ತು ವಕೀಲರು. ಅಷ್ಟೇ.

ಮಾರನೇ ದಿನ ಪತ್ರಿಕೆಯಲ್ಲಿ ಬಂತು. ಕೋಚ್‌ಗೆ ಕೆಲಸ ಕೊಡ್ತೀವಿ ಅಂದಿದ್ದಾರೆ, ಆತ ಮಂಗಳವಾರದವರೆಗೆ ಟೈಮ್ ಕೇಳಿದ್ದಾನೆ. ನಾನು ಉರಿದುಹೋದೆ. ಎಷ್ಟು ಸೊಕ್ಕು! ಈಗಿನ ಸಂಬಳದ ದುಪ್ಪಟ್ಟು ಕೊಡುತ್ತೀವಿ ಅಂದರೂ ಯೋಚನೆ ಮಾಡ್ತಾನಂತೆ. ಮನಸ್ಸಿಲ್ಲದವನು ನಮಗ್ಯಾಕೆ, ಬರೋನು ಆಗಿದ್ದರೆ ಅಲ್ಲೇ ಹೂಂ ಅಂತಿದ್ದ ಅಂತ ಗುಂಪಿನಲ್ಲಿ ಬರೆದೆ. ನಲವತ್ತು ಜನ ಲೈಕ್ ಕೊಟ್ಟರು. ಅದನ್ನೇ ಮನೆಯಲ್ಲಿ ಜೋರಾಗಿ ಹೇಳುತ್ತಿದ್ದೆ. ನನ್ನ ಹೆಂಡತಿ ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡಳು.

"ರೀ, ಈ ಊರಿನ ಕೆಲಸ ಬಂದಾಗ ನೀವು ಎಷ್ಟು ದಿನ ತಗೊಂಡಿದ್ರಿ?"

"ಅದೇ ಬೇರೆ."

"ಹನ್ನೊಂದು ದಿನ. ದಿನಾ ರಾತ್ರಿ ಎಕ್ಸೆಲ್ ತೆಗೆದು ಕೂರ್ತಿದ್ರಿ. ಸ್ಕೂಲ್‌ಗೊಂದು ಕಾಲಂ, ಬಾಡಿಗೆಗೊಂದು ಕಾಲಂ, ನಿಮ್ಮ ಬಾಸ್ ಮುಖ ಹೆಂಗಿದೆ ಅನ್ನೋದಕ್ಕೂ ಒಂದು ಕಾಲಂ ಇತ್ತು."

ಇತ್ತು, ನಿಜ. ಹತ್ತಕ್ಕೆ ಆರು ಅಂಕ ಕೊಟ್ಟಿದ್ದೆ.

ಅವತ್ತಿನಿಂದ ನನ್ನ ತಲೆ ಸ್ವಲ್ಪ ಬೇರೆ ಕಡೆ ಓಡಿತು. ಯೋಚನೆ ಮಾಡದೆ ಹೂಂ ಅಂದವರ ಕಥೆ ಏನಾಗಿದೆ ಅಂತ ಹಳೆಯದನ್ನೆಲ್ಲ ಕೆದಕಿದೆ. ಆ್ಯಪ್‌ಗೂ ಇದಕ್ಕೂ ಏನು ಸಂಬಂಧ ಅಂದರೆ, ಆ್ಯಪ್ ನಮಗೆ ಕಲಿಸುವುದು ಒಂದೇ. ವಿಮಾನ ಇಳಿಯಿತು ಅಂದರೆ ವ್ಯವಹಾರ ಮುಗಿಯಿತು. ಇಳಿದ ಮೇಲೆ ಒಂದು ಮನೆಯ ಸೋಫಾ ಮೇಲೆ ನಡೆಯೋ ಮಾತು ಮ್ಯಾಪ್‌ನಲ್ಲಿ ಕಾಣಲ್ಲ.

1995ರ ಗ್ಲೆನ್ ಮೇಸನ್ ಅವರನ್ನೇ ತೆಗೆದುಕೊಳ್ಳಿ. ಕಾನ್ಸಸ್ ವಿಶ್ವವಿದ್ಯಾಲಯದ ಕೋಚ್ ಆಗಿ ಒಳ್ಳೆ ಹೆಸರು ಮಾಡಿದ್ದರು. ಜಾರ್ಜಿಯಾ ವಿಶ್ವವಿದ್ಯಾಲಯ ಕರೆಯಿತು, ಡಿಸೆಂಬರ್ 18ಕ್ಕೆ ಬರ್ತೀನಿ ಅಂದುಬಿಟ್ಟರು. ಒಂದೇ ವಾರ. ಕ್ರಿಸ್‌ಮಸ್ ದಿನ ಕಾನ್ಸಸ್ ತಂಡ ಹವಾಯಿಯಲ್ಲಿ ಅಲೋಹಾ ಬೌಲ್ ಅನ್ನೋ ಸೀಸನ್ ಕೊನೆಯ ಪಂದ್ಯ ಆಡೋ ಹೊತ್ತಿಗೆ ಮನಸ್ಸು ಬದಲಾಯಿಸಿ, ಇಲ್ಲ, ಇಲ್ಲೇ ಇರ್ತೀನಿ ಅಂದರು. ಅವತ್ತು ಅವರ ತಂಡ ಯುಸಿಎಲ್‌ಎಯನ್ನು 51-30ರಿಂದ ಹೊಡೆದುಹಾಕಿತು, ಅದೊಂದು ಸಮಾಧಾನ. ಆದರೆ ಜಾರ್ಜಿಯಾದವರ ಸ್ಥಿತಿ ನೋಡಿ. ಹಬ್ಬದ ದಿನ ಕೋಚ್ ಇಲ್ಲ. ಓಡಿಹೋಗಿ ಮಾರ್ಷಲ್ ಕಾಲೇಜಿನಿಂದ ಜಿಮ್ ಡಾನನ್ ಅವರನ್ನು ಕರೆತಂದರು. ಇನ್ನು ಇಲ್ಲೇ ಇರ್ತೀನಿ ಅಂದ ಮೇಸನ್ ಮುಂದಿನ ವರ್ಷವೇ ಮಿನೆಸೋಟಕ್ಕೆ ಹೋದರು! ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ. ಆ ಒಂದು ವಾರದ ಯೋಚನೆಯನ್ನು ಹೂಂ ಅನ್ನುವ ಮುಂಚೆ ಮಾಡಿದ್ದರೆ ಯಾರಿಗೂ ನೋವಿರಲಿಲ್ಲ.

ರಿಚ್ ರಾಡ್ರಿಗೆಜ್ ಕಥೆ ಇದಕ್ಕಿಂತ ಜಾಸ್ತಿ ಕಾಡುತ್ತೆ. ಸೇಬನ್ ಒಪ್ಪುವ ಮುಂಚೆ, 2006ರ ಡಿಸೆಂಬರ್‌ನಲ್ಲಿ ಅಲಬಾಮಾ ಕರೆದಿದ್ದು ಇವರನ್ನೇ. ಯೋಚಿಸಿ, ಬೇಡ ಅಂದರು, ತವರು ರಾಜ್ಯದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಕೋಚ್ ಆಗಿಯೇ ಉಳಿದರು. ಅಲ್ಲೇ ಆಡಿ ಬೆಳೆದ ಮನುಷ್ಯ. ಹೆಚ್ಚು ಕಡಿಮೆ ಒಂದು ವರ್ಷಕ್ಕೆ, 2007ರ ಡಿಸೆಂಬರ್ 1ರಂದು, ಗೆದ್ದರೆ ರಾಷ್ಟ್ರೀಯ ಫೈನಲ್ ಅನ್ನೋ ಪಂದ್ಯದಲ್ಲಿ ಪಿಟ್ಸ್‌ಬರ್ಗ್ ಎದುರು 13-9ರಿಂದ ಸೋತರು. ಆ ಗಾಯ ಇನ್ನೂ ಹಸಿಯಾಗಿದ್ದಾಗಲೇ ಮಿಷಿಗನ್ ಬಾಗಿಲು ತಟ್ಟಿತು. ಹದಿನೈದೇ ದಿನದಲ್ಲಿ ಹೊರಟೇಬಿಟ್ಟರು. ಬಿಟ್ಟು ಹೋಗೋದಕ್ಕೆ 40 ಲಕ್ಷ ಡಾಲರ್ ಕಟ್ಟಬೇಕು ಅನ್ನೋ ಕರಾರಿನ ಬಗ್ಗೆ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಮಿಷಿಗನ್‌ನಲ್ಲಿ ಮೂರು ಸೀಸನ್, 15 ಗೆಲುವು, 22 ಸೋಲು. 2011ರ ಜನವರಿಯಲ್ಲಿ ಮಿಷಿಗನ್‌ನವರೇ ಮನೆಗೆ ಕಳಿಸಿದರು. 2024ರ ಡಿಸೆಂಬರ್‌ನಲ್ಲಿ, ಹದಿನೇಳು ವರ್ಷ ಸುತ್ತಾಡಿ, ಎಲ್ಲಿಗೆ ವಾಪಸ್ ಬಂದರು ಹೇಳಿ? ವೆಸ್ಟ್ ವರ್ಜೀನಿಯಾಕ್ಕೇ. ಕೊನೆಗೂ ಹಳೇ ಗಂಡನ ಪಾದವೇ ಗತಿ. ಅವರು ಮಿಷಿಗನ್ ಬಗ್ಗೆ ಸರಿಯಾಗಿ ಯೋಚಿಸಲಿಲ್ಲ ಅಂತ ನಾನು ಹೇಳುತ್ತಿಲ್ಲ, ಅವರ ತಲೆಯೊಳಗೆ ನಾನು ಹೊಕ್ಕಿಲ್ಲ. ಆದರೆ ಸೋತ ಹದಿನೈದು ದಿನದೊಳಗೆ ನನ್ನನ್ನು ಯಾರಾದರೂ ಬೇರೆ ಊರಿಗೆ ಕರೆದಿದ್ದರೆ ನಾನೂ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದೆ.

ಯೋಚಿಸೋಕೆ ಅಷ್ಟೊಂದು ಏನಿದೆ ಅಂತ ಗೆಳೆಯ ಕೇಳಿದ. ಸಂಬಳ ಬಿಡಿ, ಅದು ಎಲ್ಲಿ ಹೋದರೂ ಜಾಸ್ತಿಯೇ. ಮೊದಲು ನೋಡಬೇಕಾದ್ದು ಕೆಲಸ ಕೊಡೋ ದಣಿ ಎಷ್ಟು ದಿನ ಇರುತ್ತಾನೆ ಅನ್ನೋದು. ಕೋಚ್ ಬ್ರಯಾನ್ ಕೆಲ್ಲಿ 2021ರ ನವೆಂಬರ್ ಕೊನೆಗೆ ನಾಟರ್ ಡೇಮ್ ವಿಶ್ವವಿದ್ಯಾಲಯ ಬಿಟ್ಟು ಲೂಸಿಯಾನದ ಸರ್ಕಾರಿ ವಿಶ್ವವಿದ್ಯಾಲಯವಾದ ಎಲ್‌ಎಸ್‌ಯುಗೆ ಹೋದರು, ಹತ್ತು ವರ್ಷಕ್ಕೆ 9.5 ಕೋಟಿ ಡಾಲರ್. ನಾಲ್ಕನೇ ಸೀಸನ್ ಮುಗಿಯುವ ಮುಂಚೆ, 2025ರ ಅಕ್ಟೋಬರ್ 26ರಂದು, ಹೊರಗೆ. ಅದೇ ವಾರ ಅವರನ್ನು ಕರೆತಂದ ಕ್ರೀಡಾ ನಿರ್ದೇಶಕ ಸ್ಕಾಟ್ ವುಡ್‌ವರ್ಡ್ ಕೂಡ ಹೋದರು. ಇನ್ನು ಸಹಾಯಕ ಕೋಚ್‌ಗಳಿಗೆ ಕೊಡೋಕೆ ಎಷ್ಟು ದುಡ್ಡು ಇಟ್ಟಿದ್ದಾರೆ ಅನ್ನೋದು ಇದೆ. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಅದರಲ್ಲಿ ಫುಟ್‌ಬಾಲ್‌ಗೆ ಎಷ್ಟು, ಉಳಿದ ಆಟಗಳಿಗೆ ಎಷ್ಟು ಅಂತ ಬಾಯಿಮಾತಲ್ಲಿ ಅಲ್ಲ, ಕಾಗದದಲ್ಲಿ ನೋಡಬೇಕು. ಕೆಲಸದಿಂದ ತೆಗೆದರೆ ಬರೋ ಪರಿಹಾರ, ಆಮೇಲೆ ಬೇರೆ ಕಡೆ ಕೆಲಸ ಸಿಕ್ಕರೆ ಅದರಲ್ಲಿ ಕಡಿತ ಮಾಡ್ತಾರಾ ಇಲ್ವಾ, ಅದೂ ನೋಡಬೇಕು. ಇದನ್ನೆಲ್ಲ ಏಜೆಂಟ್ ನೋಡಿಕೊಳ್ಳುತ್ತಾನೆ, ಸರಿ. ಆದರೆ ಹತ್ತನೇ ಕ್ಲಾಸಿನಲ್ಲಿ ಓದುವ ಮಗಳನ್ನು ಮಧ್ಯದಲ್ಲಿ ಸ್ಕೂಲ್ ಬಿಡಿಸಬೇಕಾ ಅನ್ನೋದನ್ನು ಯಾವ ಏಜೆಂಟೂ ನೋಡಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲೂ ಹೇಳಬೇಕು. ಯೋಚನೆಗೂ ಒಂದು ಗಡಿ ಬೇಕು. ಇಲ್ಲಿನ ಕ್ಯಾಲೆಂಡರ್ ಹಾಗಿದೆ. ಥ್ಯಾಂಕ್ಸ್‌ಗಿವಿಂಗ್ ವಾರ ಮಾಮೂಲಿ ಪಂದ್ಯಗಳು ಮುಗಿಯುತ್ತವೆ, ಅದರ ಮುಂದಿನ ಬುಧವಾರ, 2025ರಲ್ಲಿ ಡಿಸೆಂಬರ್ 3, ಹೈಸ್ಕೂಲ್ ಹುಡುಗರು ಯಾವ ಕಾಲೇಜು ಅಂತ ಸಹಿ ಹಾಕೋಕೆ ಶುರು. ಭಾನುವಾರ ಕೆಲಸ ಕೇಳಿಬಂದರೆ ಕೋಚ್ ಕೈಯಲ್ಲಿರೋದು ಮೂರೇ ದಿನ. ನಾಲ್ಕನೇ ದಿನ ಅವನು ಇನ್ನೂ ತಲೆ ಕೆರೆದುಕೊಳ್ಳುತ್ತಾ ಕೂತರೆ, ಅವನನ್ನು ನಂಬಿ ಸಹಿ ಹಾಕೋ ಹದಿನೇಳು ವರ್ಷದ ಹುಡುಗ ಮೋಸ ಹೋಗುತ್ತಾನೆ. ಅಲ್ವಾ?

ಅದೇ ಭಾನುವಾರ ನನ್ನ ಆ್ಯಪ್‌ನಲ್ಲಿ ಇನ್ನೊಂದು ನಾಟಕ ನಡೆಯುತ್ತಿತ್ತು, ಮಿಸಿಸಿಪ್ಪಿಯ ಆಕ್ಸ್‌ಫರ್ಡ್‌ನಲ್ಲಿ. ಅಲ್ಲಿನ ಕೋಚ್ ಲೇನ್ ಕಿಫಿನ್. ಅವರ ಓಲ್ ಮಿಸ್, ಅಂದರೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ತಂಡ 11 ಗೆದ್ದು ಒಂದೇ ಸೋತಿತ್ತು, ರಾಷ್ಟ್ರೀಯ ಪ್ರಶಸ್ತಿಯ ಪ್ಲೇಆಫ್ ಸುತ್ತು ಖಾತ್ರಿ. ಅಂಥ ಹೊತ್ತಿನಲ್ಲಿ ಅವರು ನವೆಂಬರ್ ಪೂರ್ತಿ ಎಲ್‌ಎಸ್‌ಯುಗೆ ಹೋಗಬೇಕಾ, ಫ್ಲಾರಿಡಾಕ್ಕೆ ಹೋಗಬೇಕಾ, ಇಲ್ಲೇ ಇರಬೇಕಾ ಅಂತ ಊರೆಲ್ಲ ನೋಡೋ ಹಾಗೆ ಯೋಚಿಸಿದರು. ಮನೆಯವರು ಎರಡೂ ಊರು ನೋಡಿಕೊಂಡು ಬಂದರು. ಶನಿವಾರ ಹೇಳ್ತೀನಿ ಅಂದಿದ್ದು ಭಾನುವಾರಕ್ಕೆ ಹೋಯಿತು. ಕೊನೆಗೆ ಎಲ್‌ಎಸ್‌ಯು, ಏಳು ವರ್ಷಕ್ಕೆ ಸುಮಾರು 9.1 ಕೋಟಿ ಡಾಲರ್. ಪ್ಲೇಆಫ್ ಮುಗಿಸಿಕೊಂಡು ಹೋಗ್ತೀನಿ ಅಂದರೆ ಓಲ್ ಮಿಸ್ ಒಪ್ಪಲಿಲ್ಲ, ತಂಡವನ್ನು ಸಹಾಯಕ ಕೋಚ್ ಪೀಟ್ ಗೋಲ್ಡಿಂಗ್ ಕೈಗೆ ಕೊಟ್ಟಿತು. ವಿಮಾನ ನಿಲ್ದಾಣದ ಬೇಲಿ ಹತ್ತಿರ ನಿಂತ ಜನ ಬೈದು ಕಳಿಸಿದರು. ಈ ಮನುಷ್ಯನ ಜಾತಕದಲ್ಲೇ ವಿಮಾನ ನಿಲ್ದಾಣ ಇದೆ ಅನ್ನಿಸುತ್ತೆ, 2013ರಲ್ಲಿ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಅವರನ್ನು ಕೆಲಸದಿಂದ ತೆಗೆದಿದ್ದೂ ಸೋತು ಬಂದ ರಾತ್ರಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲೇ. ನನ್ನ ತಕರಾರು ಅವರು ಯೋಚಿಸಿದ್ದಕ್ಕಲ್ಲ. ಆಡುವ ಹುಡುಗರ ತಲೆ ಮೇಲೆ ಕೂತು ವಾರಗಟ್ಟಲೆ ಯೋಚಿಸಿದ್ದಕ್ಕೆ. ಎರಡು ರಾತ್ರಿ ಬಾಗಿಲು ಹಾಕಿಕೊಂಡು ಹೆಂಡತಿ ಜೊತೆ ಕೂತು ಯೋಚಿಸೋದು ಒಂದು, ಊರ ಮಧ್ಯೆ ಚಪ್ಪರ ಹಾಕಿ ಯೋಚಿಸೋದು ಇನ್ನೊಂದು.

ನಾವು ಕರೆದಿದ್ದ ಕೋಚ್ ಮೊದಲನೇ ಥರದವರು. ಮಂಗಳವಾರ ಸಂಜೆ ಐದಕ್ಕೆ ಫೋನ್ ಮಾಡಿ, ಬರಲ್ಲ, ಕ್ಷಮಿಸಿ ಅಂದರಂತೆ. ಹೇಳಿದ ಟೈಮಿಗೆ ಹೇಳಿದರು. ಬುಧವಾರ ಬೆಳಗ್ಗೆ ಅವರ ಹುಡುಗರು ಕೋಚ್ ಯಾರು ಅಂತ ಗೊತ್ತಿದ್ದೇ ಸಹಿ ಹಾಕಿದರು. ನಮಗೆ ಆಮೇಲೆ ಬೇರೆಯವರು ಸಿಕ್ಕರು. ಅವರು ಬಂದಿದ್ದು ಕಾರಿನಲ್ಲಿ, ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು. ನನ್ನ 8 ಡಾಲರ್ ಆ್ಯಪ್‌ಗೆ ಸುಳಿವೇ ಸಿಗಲಿಲ್ಲ.

ಕೊಳ್ಳಬೇಕು ಅಂತಿರೋರಿಗೆ ಇನ್ನೆರಡು ಮಾತು. ವಿಮಾನದ ಮಾಲೀಕರು ತಮ್ಮ ನಂಬರ್ ಮುಚ್ಚಿಡಿ ಅಂತ ಅಮೆರಿಕದ ವಿಮಾನಯಾನ ಇಲಾಖೆಗೆ ಅರ್ಜಿ ಹಾಕಬಹುದು, ಹಾಕಿದರೆ ಈ ಆ್ಯಪ್‌ನಲ್ಲಿ ಅದು ಕಾಣೋದೇ ಇಲ್ಲ. ನಮ್ಮ ದಾನಿಯೂ ಡಿಸೆಂಬರ್‌ನಲ್ಲಿ ಹಾಕಿರಬೇಕು, ಒಂದು ದಿನ ಹಳದಿ ವಿಮಾನ ಕಾಣೆಯಾಗಿದ್ದು ಮತ್ತೆ ಬರಲಿಲ್ಲ. ಅಂದರೆ ನಿಜವಾಗಿ ಗುಟ್ಟಾಗಿ ಓಡಾಡೋರು ಸಿಗಲ್ಲ, ಗುಟ್ಟಿನ ಚಿಂತೆ ಇಲ್ಲದವರು ಮಾತ್ರ ಸಿಗುತ್ತಾರೆ. ನೆಂಟರನ್ನು ಕರೆತರೋಕೆ ಆದರೆ ಬಿಟ್ಟಿ ಪ್ಲಾನ್ ಧಾರಾಳವಾಗಿ ಸಾಕು. ದುಡ್ಡಿನ ಪ್ಲಾನ್ ತಾನಾಗೇ ನವೀಕರಣ ಆಗುತ್ತೆ, ಒಂದು ದಿನ ಮುಂಚೆ ರದ್ದು ಮಾಡಬೇಕು. ನಾನು ಮರೆತೆ. ಡಿಸೆಂಬರ್ 28ಕ್ಕೆ ಇನ್ನೊಂದು 8 ಡಾಲರ್ ಹೋಯಿತು.

ವಾಪಸ್ ಕೊಡಿ ಅಂತ ಅವತ್ತೇ ಮೇಲ್ ಹಾಕಿದೆ. ಉತ್ತರ ಬೇಗ ಬಂತು, ಅದಕ್ಕೆ ಮೆಚ್ಚಬೇಕು. ನಿಮ್ಮ ಮನವಿ ತಲುಪಿದೆ, ಪರಿಶೀಲಿಸಿ ತೀರ್ಮಾನ ತಿಳಿಸಲು 7ರಿಂದ 10 ಕೆಲಸದ ದಿನ ಬೇಕು ಅಂತ ಬರೆದಿದ್ದರು. ಹೆಂಡತಿಗೆ ತೋರಿಸಿದೆ. ಅವಳು ಏನೂ ಹೇಳಲಿಲ್ಲ, ಸುಮ್ನೆ ನಕ್ಕಳು.